ಹೆರಿಗೆಗೆ ಬಂದ ಸರ್ಕಾರ, ಬಾಣಂತನಕ್ಕೆ ಬಂದದ್ದು ಯಾವಾಗ?: ಕುದೇರು ಸೀಮೆಯ ಒಂದು ಚರಿತ್ರೆ

ಚಾಮರಾಜನಗರ ತಾಲ್ಲೂಕಿನ ಕುದೇರು ಈಗ ಹಾಲಿಗೆ ಹೆಸರಾದ ಊರು. ಜಿಲ್ಲಾ ಹಾಲು ಒಕ್ಕೂಟ ಚಾಮುಲ್‌ನ ಡೇರಿ ಇರುವುದು ಇಲ್ಲಿಯೇ. ಹಸು ಈದರೆ ಮೊದಲ ದಿನಗಳ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಗಿಣ್ಣು ಮಾಡಿ ಅಕ್ಕಪಕ್ಕದ ಮನೆಗೂ ಕೊಡುವ ರೂಢಿ ನಮ್ಮದು. ಹೆತ್ತ ಹೆಂಗಸಿನ ಎದೆಯಲ್ಲಿ ಮೊದಲು ಒಸರುವ ಹಳದಿ ಹಾಲನ್ನು ಮಾತ್ರ ‘ಕೆಟ್ಟದ್ದು’ ಎಂದು ಹಿಂಡಿ ಚೆಲ್ಲುವ ಪದ್ಧತಿ ಕರ್ನಾಟಕದ ಹಳ್ಳಿಗಳಲ್ಲಿ ಬಹುಕಾಲ ನಡೆದುಬಂತು. ಆ ದಿನಗಳಲ್ಲಿ ಕೂಸಿನ ನಾಲಗೆಗೆ ಸಕ್ಕರೆ ನೀರು, ಜೇನುತುಪ್ಪ, ಒಂದಿಷ್ಟು ಹರಳೆಣ್ಣೆ.

ಇದನ್ನು ಓದುಬರಹವಿಲ್ಲದವರ ಮೌಢ್ಯ ಎಂದು ಬರೆದು ಮುಗಿಸುವುದು ಸುಲಭ. ಆದರೆ ಸುಶ್ರುತ ಸಂಹಿತೆಯ ಶಾರೀರಸ್ಥಾನವೇ ಹಾಲು ಇಳಿಯುವುದು ಹೆರಿಗೆಯಾದ ಮೂರನೆಯ ಇಲ್ಲವೆ ನಾಲ್ಕನೆಯ ದಿನ ಎನ್ನುತ್ತದೆ. ಅಲ್ಲಿಯತನಕ ಮಗುವಿಗೆ ಜೇನು, ತುಪ್ಪ ಹೇಳುತ್ತದೆ. ಚರಕ ಸಂಹಿತೆಯ ದಾರಿ ಬೇರೆ: ಜೇನು, ತುಪ್ಪ ನೆಕ್ಕಿಸಿದ ಮೇಲೆ ಮೊದಲು ಬಲಮೊಲೆಗೆ ಹಚ್ಚು. ಎರಡರಲ್ಲಿ ನಮ್ಮ ಮನೆಗಳ ರೂಢಿ ವಾಲಿದ್ದು ಸುಶ್ರುತನ ಕಡೆಗೆ. ಮನೆಯ ರೂಢಿಯನ್ನೇ ಗ್ರಂಥ ಬರೆದಿಟ್ಟುಕೊಂಡಿರಲೂಬಹುದು. ಏನೇ ಇರಲಿ, ತಪ್ಪಿನಲ್ಲಿ ಪಂಡಿತರಿಗೂ ಪಾಲಿದೆ.

ಬಾಣಂತನದ ಉಳಿದ ಭಾಗ ಇಷ್ಟು ಸರಳವಲ್ಲ. ಚೊಚ್ಚಲು ಬಸುರಿ ತೌರಿಗೆ ಬರುತ್ತಾಳೆ, ಹೆರುತ್ತಾಳೆ, ಪುರುಡು ಕಳೆಯುತ್ತಾಳೆ, ಅನುಕೂಲವಿದ್ದರೆ ಮೂರರಿಂದ ಐದು ತಿಂಗಳು ಅಲ್ಲೇ ಇರುತ್ತಾಳೆ. ಹರಳೆಣ್ಣೆ ತಿಕ್ಕಿ ಹಂಡೆಗಟ್ಟಲೆ ಬಿಸಿನೀರು ಹುಯ್ಯುವುದು, ಹಳೆಯ ಸೀರೆಯಿಂದ ಹೊಟ್ಟೆ ಬಿಗಿಯುವುದು, ಕಿವಿಗೆ ಹತ್ತಿ, ಸಾಂಬ್ರಾಣಿ ಹೊಗೆ; ಊಟಕ್ಕೆ ಮೆಣಸು, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು. ಕುಡಿಯುವ ನೀರಿಗೆ ಹಾಕುತ್ತಿದ್ದ ಕಟ್ಟು ಕೆಟ್ಟದ್ದು. ಗಾಳಿಯಾಡದ ಕೋಣೆಯಲ್ಲಿ ಹೊಗೆ ಹಾಕುವುದು ಕೂಸಿನ ಎದೆಗೆ ಒಳ್ಳೆಯದಲ್ಲ. ಇದೆಲ್ಲದರ ನಡುವೆ ನಿಜವಾದ ಮದ್ದು ಒಂದಿತ್ತು: ನೀರು ಸೇದಲು, ಒಲೆ ಉರಿಸಲು, ರಾತ್ರಿ ಮಗು ಅತ್ತರೆ ಎತ್ತಿಕೊಳ್ಳಲು ಇನ್ನೊಬ್ಬಳಿದ್ದಳು. ಕೂಲಿಯ ಮನೆಗಳಲ್ಲಿ ಅದೂ ಸಿಗುತ್ತಿರಲಿಲ್ಲ. ತೌರಿನ ಬಾಣಂತನವನ್ನು ಹಾಡಿ ಹೊಗಳುವವರು ಆ ಮನೆಗಳ ಲೆಕ್ಕ ಹಿಡಿಯುವುದು ಕಡಿಮೆ.

ಸೂಲಗಿತ್ತಿಯ ಕೆಲಸವೂ ಹೊಕ್ಕುಳಬಳ್ಳಿ ಕತ್ತರಿಸುವುದಕ್ಕೆ ಮುಗಿಯುತ್ತಿರಲಿಲ್ಲ. ತಾಯಿಗೆ, ಕೂಸಿಗೆ ನೀರು ಹಾಕಲು ಹಲವು ದಿನ ಬರುತ್ತಿದ್ದಳು. ಎದೆ ಕಟ್ಟಿಕೊಂಡರೆ ಬಿಸಿ ಶಾಖ ಕೊಟ್ಟು ಹಾಲು ಹಿಂಡುತ್ತಿದ್ದವಳೂ ಅವಳೇ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಪತ್ರಿಕೆಗಳು ಎಣಿಸಿದ್ದು ಹೆರಿಗೆಗಳನ್ನೇ. ಸರ್ಕಾರದ ಕಣ್ಣೂ ಮೊದಲಿನಿಂದ ಹೀಗೆಯೇ. 1885ರ ಡಫರಿನ್ ನಿಧಿ ಹೆಣ್ಣುಮಕ್ಕಳಿಗೆ ಲೇಡಿ ಡಾಕ್ಟರುಗಳನ್ನು ಒದಗಿಸಲು ಹುಟ್ಟಿತು. 1903ರ ವಿಕ್ಟೋರಿಯಾ ಸ್ಮಾರಕ ನಿಧಿ ದಾಯಿಯರ ತರಬೇತಿಗೆ. ಮೈಸೂರಿನ ಮಿಷನ್ ಆಸ್ಪತ್ರೆ 1906ರಲ್ಲಿ, ಬೆಂಗಳೂರಿನ ವಾಣಿ ವಿಲಾಸ 1935ರಲ್ಲಿ ಬಂದವು. ತಾಯಂದಿರ ಸಾವು ತಡೆಯುವುದೇ ದೊಡ್ಡ ಚಿಂತೆಯಾಗಿದ್ದ ಕಾಲದಲ್ಲಿ ಹೆರಿಗೆಯ ಹೊತ್ತಿನ ಮೇಲೆ ಗಮನವೆಲ್ಲ ನೆಟ್ಟದ್ದು ಸಹಜವೇ. ಹತ್ತನೆಯ ದಿನದ ಬಾಣಂತಿ ಮಾತ್ರ ಯಾವ ದಫ್ತರಕ್ಕೂ ಸೇರಲಿಲ್ಲ.

ಬಿಳಿಗಿರಿರಂಗನ ಬೆಟ್ಟದಲ್ಲಿ ಕತೆ ಸ್ವಲ್ಪ ಬೇರೆ. 1981ರಲ್ಲಿ ಡಾ. ಎಚ್. ಸುದರ್ಶನ್ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸೋಲಿಗ ಬುಡಕಟ್ಟಿನ ಹೆಂಗಸರು ಕುಕ್ಕರಗಾಲಲ್ಲಿ ಕೂತು ಹೆರುವ ರೀತಿಯನ್ನು ತಳ್ಳಿಹಾಕಲಿಲ್ಲ, ಅದಕ್ಕೆ ಮನ್ನಣೆ ಕೊಟ್ಟಿತು. ಇದ್ದ ತಿಳಿವಳಿಕೆಯ ಮೇಲೆ ವೈದ್ಯ ಕಟ್ಟಿದ ಇಂಥ ಉದಾಹರಣೆ ಬಯಲಿನಲ್ಲಿ ಸಿಗುವುದು ಅಪರೂಪ.

ಬಯಲಿನಲ್ಲಿ ಬಾಣಂತಿಯ ತಟ್ಟೆಗೆ ಸರ್ಕಾರ ಕೈಹಾಕಿದ್ದು 1975ರಲ್ಲಿ. ಆ ವರ್ಷದ ಅಕ್ಟೋಬರ್ 2ರಂದು ದೇಶದಾದ್ಯಂತ 33 ಕಡೆ ಶಿಶು ಅಭಿವೃದ್ಧಿ ಯೋಜನೆ ಆರಂಭವಾಯಿತು; ಕರ್ನಾಟಕದ ಪಾಲಿಗೆ ಬಂದದ್ದು ಪಕ್ಕದ ತಿ. ನರಸೀಪುರ ತಾಲ್ಲೂಕು. ಕುದೇರೂ ಆಗ ಮೈಸೂರು ಜಿಲ್ಲೆಯದೇ, ಚಾಮರಾಜನಗರ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಅಂಗನವಾಡಿಯ ಪಟ್ಟಿಯಲ್ಲಿ ಮಗುವಿನ ಜೊತೆಗೆ ಹಾಲೂಡಿಸುವ ತಾಯಿಯ ಹೆಸರೂ ಸೇರಿತು. ಡಬ್ಬಿ ಹಾಲಿನ ಜಾಹೀರಾತಿಗೆ ಕಡಿವಾಣ ಹಾಕುವ ಕಾಯಿದೆ ಬರಲು 1992 ಆಗಬೇಕಾಯಿತು.

2007ರ ‘ಮಡಿಲು’ ಕಿಟ್ ನನಗೆ ಕುತೂಹಲದ ದಾಖಲೆ. ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತ ಬಡ ತಾಯಿಗೆ ಕೊಟ್ಟ ಆ ಚೀಲದಲ್ಲಿ ಸೊಳ್ಳೆಪರದೆ, ಜಮಖಾನ, ಸೋಪು, ಕೊಬ್ಬರಿ ಎಣ್ಣೆ, ಕೂಸಿಗೆ ಸ್ವೆಟರು, ಟೋಪಿ ಇದ್ದವು. ಹೊಟ್ಟೆಗೆ ಕಟ್ಟುವ ಬಟ್ಟೆಯೂ ಇತ್ತು. ತೌರಿನವರು ಕೊಡುತ್ತಿದ್ದುದನ್ನೇ ಇಲಾಖೆ ಕೊಟ್ಟಿತು. ಹತ್ತು ವರ್ಷದ ತರುವಾಯ, 2017ರ ಅಕ್ಟೋಬರ್ 2ಕ್ಕೆ ಬಂದ ಬಸುರಿ, ಬಾಣಂತಿಯರ ಊಟದ ಯೋಜನೆ ‘ಮಾತೃಪೂರ್ಣ’ ಈ ಸೂಕ್ಷ್ಮವನ್ನು ಮರೆಯಿತು. ಅನ್ನ, ಸಾಂಬಾರು, ಮೊಟ್ಟೆ, ಹಾಲು, ಕಡಲೆಕಾಯಿ ಚಿಕ್ಕಿ, ತಿಂಗಳಿಗೆ 25 ದಿನ: ಊಟವೇನೋ ಒಳ್ಳೆಯದೇ. ಆದರೆ ಅದನ್ನು ಅಂಗನವಾಡಿಗೇ ಬಂದು ಉಣ್ಣಬೇಕಿತ್ತು. ಹಸಿ ಬಾಣಂತಿ ಹೊಸಲು ದಾಟದ ಮನೆಗಳಲ್ಲಿ ಆ ತಟ್ಟೆ ಯಾರಿಗೆ?

ಆಸ್ಪತ್ರೆ ಹೆರಿಗೆ ಹೆಚ್ಚಿದ ಮೇಲೆ ಮೊದಲ ಹಾಲು ಚೆಲ್ಲುವುದು ಕಡಿಮೆಯಾಯಿತು. ಹುಟ್ಟಿದ ಗಂಟೆಯೊಳಗೆ ಮೊಲೆಗೆ ಹಚ್ಚಿ ಎಂದು ನರ್ಸಮ್ಮ ಪಕ್ಕದಲ್ಲೇ ನಿಂತು ಹೇಳುತ್ತಾರೆ. ಆದರೆ ಸಹಜ ಹೆರಿಗೆಯಾದರೆ ಅಲ್ಲಿ ಇರಿಸಿಕೊಳ್ಳುವುದು 48 ಗಂಟೆ. ಎದೆ ಕಟ್ಟಿಕೊಂಡು ಕಲ್ಲಾಗುವುದು, ತೊಟ್ಟು ಬಿರಿಯುವುದು, ‘ಹಾಲು ಸಾಲದು’ ಎಂಬ ಮಾತು ಏಳುವುದು ಮೂರನೆಯ ದಿನದಿಂದ ಮುಂದಕ್ಕೆ. ಅಷ್ಟರಲ್ಲಿ ಆಕೆ ಮನೆಯಲ್ಲಿರುತ್ತಾಳೆ, ಸೂಲಗಿತ್ತಿ ಬರುವುದು ನಿಂತುಹೋಗಿದೆ.

ಆ ಜಾಗವನ್ನು ತುಂಬುವ ಹೊಣೆ 2011ರಿಂದ ಆಶಾ ಕಾರ್ಯಕರ್ತೆಯದು. 3, 7, 14, 21, 28, 42ನೆಯ ದಿನ ಮನೆಗೆ ಬಂದು ಕೂಸನ್ನು ತೂಗಬೇಕು, ಜ್ವರ ನೋಡಬೇಕು, ಹಾಲೂಡಿಸುವಾಗ ಪಕ್ಕದಲ್ಲಿ ಕೂರಬೇಕು. ಕೂಸಿನ ಗದ್ದ ಮೊಲೆಗೆ ತಾಗಿದೆಯೇ, ಬಾಯಿ ಅಗಲವಾಗಿ ತೆರೆದಿದೆಯೇ, ಕೆಳತುಟಿ ಹೊರಕ್ಕೆ ಮಡಚಿದೆಯೇ, ತೊಟ್ಟಿನ ಸುತ್ತಲ ಕಪ್ಪು ಭಾಗ ಬಾಯಿಯ ಕೆಳಗಿಗಿಂತ ಮೇಲೆ ಹೆಚ್ಚು ಕಾಣುತ್ತದೆಯೇ ಎಂದು ನೋಡಬೇಕು. ಹೆಚ್ಚಿನ ಸಲ ಕೂಸನ್ನು ಹಿಡಿಯುವ ರೀತಿ ತಿದ್ದಿದರೆ ನೋವು ತಗ್ಗುತ್ತದೆ; ಪುಡಿ ಹಾಲಿನ ಡಬ್ಬಿ ತರುವ ಪ್ರಮೇಯವೇ ಬರುವುದಿಲ್ಲ. ಈ ಆರೂ ಭೇಟಿ ಪೂರೈಸಿದರೆ ಆಕೆಗೆ ಸಿಗುವ ಪ್ರೋತ್ಸಾಹಧನ 250 ರೂಪಾಯಿ.

ಇಲ್ಲಿ ಒಂದು ತೊಡಕಿದೆ. ಬಸುರಿಯ ಹೆಸರು ತಾಯಿ ಕಾರ್ಡಿಗೆ ಏರುವುದು ಸಾಮಾನ್ಯವಾಗಿ ಗಂಡನ ಊರಿನಲ್ಲಿ. ಭೇಟಿಯ ದಿನಗಳು ಬೀಳುವುದು ಆಕೆ ತೌರಿನಲ್ಲಿದ್ದಾಗ. ಗುಂಡ್ಲುಪೇಟೆ ಕಡೆಗೆ ಕೊಟ್ಟ ಹುಡುಗಿ ಕುದೇರಿಗೆ ಬಾಣಂತನಕ್ಕೆ ಬಂದರೆ ಆ ವಿಷಯವನ್ನು ಅಲ್ಲಿಯ ಆಶಾ ಇಲ್ಲಿಯ ಆಶಾಗೆ ಮುಟ್ಟಿಸಬೇಕು. ಇಬ್ಬರ ನಡುವೆ ಒಂದು ಫೋನು ತಪ್ಪಿದರೆ ಮೂರನೆಯ ದಿನದ ಭೇಟಿಯೂ ತಪ್ಪಿತು.