ಹೈಬ್ರಿಡ್ ಕಾರಿನ ಬ್ರೇಕು: ಘಟ್ಟದ ರೈಲಿನಿಂದ ಸಿನ್ನರ್ ಹೆದ್ದಾರಿಯವರೆಗೆ

ನಾಶಿಕದಿಂದ ಪುಣೆಯ ಕಡೆಗೆ ಸಾಗುವ ಹೆದ್ದಾರಿಯು ಮೋಹದರಿ ಘಟ್ಟವನ್ನು ದಾಟಿ ಸೇರುವ ಸಿನ್ನರ್ ಪಟ್ಟಣವು, ಕನ್ನಡ ಶಾಸನಗಳನ್ನು ವಿಪುಲವಾಗಿ ಬರೆಯಿಸಿದ ಸೇವುಣರು ದೇವಗಿರಿಯನ್ನು ರಾಜಧಾನಿಯಾಗಿ ಮಾಡಿಕೊಳ್ಳುವುದಕ್ಕೆ ಮುನ್ನ ನೆಲೆಸಿದ್ದ ಊರು. ಆ ದೇವಗಿರಿಯ ನೆರೆಯಲ್ಲಿರುವ ಛತ್ರಪತಿ ಸಂಭಾಜಿನಗರವನ್ನೂ ಸಿನ್ನರ್ ತಾಲ್ಲೂಕನ್ನೂ ಇಂದು ಸಮೃದ್ಧಿ ಮಹಾಮಾರ್ಗವು ಕೂಡಿಸುತ್ತದೆ. ನಮ್ಮ ಬಿಡದಿಯಲ್ಲಿ ಇನ್ನೋವಾ ಹೈಕ್ರಾಸ್, ಹೈರೈಡರ್ ಮೊದಲಾದ ಹೈಬ್ರಿಡ್ (ಪೆಟ್ರೋಲ್ ಎಂಜಿನಿನೊಡನೆ ವಿದ್ಯುತ್ ಮೋಟಾರೂ ಇರುವ) ಕಾರುಗಳನ್ನು ತಯಾರಿಸುತ್ತಿರುವ ಟೊಯೋಟಾ ಕಿರ್ಲೋಸ್ಕರ್ ಸಂಸ್ಥೆಯು 2024ರ ಜುಲೈಯಲ್ಲಿ, ಸಂಭಾಜಿನಗರದಲ್ಲಿ ಸುಮಾರು 20,000 ಕೋಟಿ ರೂಪಾಯಿಗಳ ಕಾರ್ಖಾನೆಯನ್ನು ಸ್ಥಾಪಿಸುವ ಉದ್ದೇಶದಿಂದ ಮಹಾರಾಷ್ಟ್ರ ಸರಕಾರದೊಡನೆ ಒಡಂಬಡಿಕೆಯನ್ನು ಮಾಡಿಕೊಂಡಿತು. ಹೀಗಾಗಿ ಹೈಬ್ರಿಡ್ ಕಾರಿನ ಬ್ರೇಕು ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಕೆಡುತ್ತದೆ ಎಂಬ ಪ್ರಶ್ನೆಯು ಈಗ ಸಿನ್ನರ್ ಹೆದ್ದಾರಿಯ ಪಕ್ಕದ ಸಾಮಾನ್ಯ ಗ್ಯಾರೇಜಿನ ಬಾಗಿಲಿಗೇ ಬಂದು ನಿಂತಿದೆ.

ಈ ಬ್ರೇಕಿನ ಮೂಲತತ್ತ್ವವು ಈ ನಾಶಿಕ ಸೀಮೆಗೆ ಹೊಸತಲ್ಲ. 1930ರ ಸುಮಾರಿಗೆ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯು ಕಸಾರಾ–ಇಗತ್‌ಪುರಿ ಘಟ್ಟದಲ್ಲಿ, 37 ಅಡಿಗೆ ಒಂದಡಿ ಏರುವ ಆ ಕಡಿದಾದ ಹಾದಿಯಲ್ಲಿ, ವಿದ್ಯುತ್ ಎಂಜಿನುಗಳನ್ನು ಓಡಿಸತೊಡಗಿದಾಗ, ಇಳಿಜಾರಿನಲ್ಲಿ ಎಂಜಿನಿನ ಮೋಟಾರೇ ವಿದ್ಯುಜ್ಜನಕವಾಗಿ ಪರಿಣಮಿಸಿ, ಗಾಡಿಯ ವೇಗವನ್ನು ತಡೆಯುತ್ತ, ಉತ್ಪನ್ನವಾದ ವಿದ್ಯುತ್ತನ್ನು ತಂತಿಗೆ ಮರಳಿಸಬಲ್ಲುದಾಗಿತ್ತು. ಮೋಟಾರು ಕಾರಿನಲ್ಲಿ ತಂತಿಯ ಸ್ಥಾನವನ್ನು ಬ್ಯಾಟರಿಯು ಪಡೆಯಿತು, ಅಷ್ಟೆ. ಬೆಂಗಳೂರಿನ ರೇವಾ ವಿದ್ಯುತ್ ಕಾರು 2001ರಲ್ಲಿಯೇ ಈ ಉಪಾಯವನ್ನು ಬಳಸಿಕೊಂಡಿತು.

ಆದರೆ ಬ್ಯಾಟರಿಯು ತುಂಬಿದ ಮೇಲೆ ವಿದ್ಯುತ್ತನ್ನು ಸ್ವೀಕರಿಸಲಾರದು; ಗಾಡಿಯು ನಿಲ್ಲುವ ಹಂತದಲ್ಲಿ ಮೋಟಾರಿನ ತಡೆಯೂ ಕುಗ್ಗುತ್ತದೆ. ಆದುದರಿಂದ ಎಣ್ಣೆಯ ಒತ್ತಡದ ಹಳೆಯ ಬ್ರೇಕು ಉಳಿಯಲೇಬೇಕಾಯಿತು. ಎರಡರ ನಡುವೆ ಹೊರೆಯನ್ನು ಕ್ಷಣಕ್ಷಣಕ್ಕೂ ಹಂಚುವ ಮಧ್ಯಸ್ಥನೊಬ್ಬನು ಬೇಕಾದನು. ಆ ಮಧ್ಯಸ್ಥನಿಗೆ ಅಗತ್ಯವಾದ ಕಣ್ಣುಗಳು ಅದಕ್ಕೆ ಮುಂಚೆಯೇ ಸಿದ್ಧವಾಗಿದ್ದುವು. 1978ರಲ್ಲಿ ಬಾಷ್ ಕಂಪನಿಯು—ಬೆಂಗಳೂರಿನವರು ಮೈಕೋ ಎಂದು ಬಲ್ಲ, ನಾಶಿಕದಲ್ಲಿಯೂ ಕಾರ್ಖಾನೆಯುಳ್ಳ ಸಂಸ್ಥೆಯ ಮೂಲಮನೆ—ಮರ್ಸಿಡಿಸ್ ಕಾರಿಗೆ ಅಳವಡಿಸಿದ, ಚಕ್ರ ಬಿಗಿದು ಜಾರದಂತೆ ತಡೆಯುವ ಎಬಿಎಸ್ ವ್ಯವಸ್ಥೆಯು ಚಕ್ರವೇಗದ ಸಂವೇದಕವನ್ನು (ಸೆನ್ಸರನ್ನು) ಬಳಕೆಗೆ ತಂದಿತ್ತು. 1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಟೊಯೋಟಾದ ಪ್ರಿಯಸ್, ಹೈಬ್ರಿಡ್ ಕಾರನ್ನು ಜನಸಾಮಾನ್ಯರ ವಸ್ತುವಾಗಿಸಿತು; 2003ರ ಎರಡನೆಯ ಪ್ರಿಯಸ್ ಒಂದು ದಿಟ್ಟ ಹೆಜ್ಜೆಯನ್ನಿಟ್ಟಿತು. ಅದರಲ್ಲಿ ಚಾಲಕನು ಪೆಡಲನ್ನು ತುಳಿದಾಗ ಅವನ ಕಾಲಿನ ಒತ್ತಡವು ಸಾಮಾನ್ಯವಾಗಿ ಚಕ್ರವನ್ನು ನೇರವಾಗಿ ಮುಟ್ಟುವುದೇ ಇಲ್ಲ. ಪೆಡಲು ಎಷ್ಟು ದೂರ ಸರಿಯಿತೆಂಬುದನ್ನು ಒಂದು ಸಂವೇದಕವೂ, ಎಣ್ಣೆಯ ಒತ್ತಡವೆಷ್ಟೆಂಬುದನ್ನು ಬೇರೆ ಸಂವೇದಕಗಳೂ ಅಳೆದು ಹೇಳಲು, ಕಂಪ್ಯೂಟರು ಮೋಟಾರಿಗಿಷ್ಟು, ಎಣ್ಣೆಯ ಬ್ರೇಕಿನ ಪ್ಯಾಡಿಗಿಷ್ಟು ಎಂದು ನಿರ್ಣಯಿಸುತ್ತದೆ. ಕಾಲಿಗೆ ತಾಗುವ ಪ್ರತಿರೋಧವು ಕೂಡ ಒಂದು ಕೃತಕ ಸಾಧನದಿಂದ ಹುಟ್ಟಿದ್ದು. ವಿದ್ಯುತ್ತು ಕೈಕೊಟ್ಟರೆ ಇರಲೆಂದು ಕೆಪಾಸಿಟರುಗಳ ಆಪದ್ಧನವನ್ನೂ ಇಟ್ಟಿದ್ದರು. ಕಾಲಿನ ಬಲದಲ್ಲಿದ್ದ ವಿಶ್ವಾಸವು ಸಂವೇದಕದ ಸಾಕ್ಷ್ಯಕ್ಕೆ ವರ್ಗವಾದ ಗಳಿಗೆ ಇದು.

ಈ ವಿಶ್ವಾಸವು ಮೊದಲು ಅಲುಗಾಡಿದುದು 2010ರಲ್ಲಿ. ಹೊಂಡ ಬಿದ್ದ ಅಥವಾ ಜಾರುವ ದಾರಿಯಲ್ಲಿ ಬ್ರೇಕು ಒಂದು ಕ್ಷಣ ಸಡಿಲಗೊಂಡಂತೆ ಭಾಸವಾಗುತ್ತದೆಂದು ಮೂರನೆಯ ಪ್ರಿಯಸ್‌ನ ಚಾಲಕರು ದೂರಿದರು. ಫೆಬ್ರವರಿಯಲ್ಲಿ ಟೊಯೋಟಾ ಜಗತ್ತಿನಾದ್ಯಂತ ಸುಮಾರು 4,37,000 ಹೈಬ್ರಿಡ್ ಕಾರುಗಳನ್ನು ಹಿಂದಕ್ಕೆ ಕರೆಯಿಸಿತು. ಅಲ್ಲಿ ಸಂವೇದಕಗಳು ಕೆಟ್ಟಿರಲಿಲ್ಲ. ಅವು ಹೇಳಿದ್ದನ್ನು ಕೇಳಿ ಮೋಟಾರಿನಿಂದ ಎಣ್ಣೆಯ ಬ್ರೇಕಿಗೆ ಹೊರೆಯನ್ನು ದಾಟಿಸುವ ಎಬಿಎಸ್ ತಂತ್ರಾಂಶದಲ್ಲಿ ಲೋಪವಿತ್ತು. 2013ರಲ್ಲಿ ಮತ್ತೆ ಸುಮಾರು 2,42,000 ಕಾರುಗಳನ್ನು ಕರೆಯಿಸಬೇಕಾಯಿತು. ಈ ಸಲ ದೋಷವಿದ್ದುದು ಒತ್ತಡವನ್ನು ಕೂಡಿಡುವ ಪಾತ್ರೆಯಲ್ಲಿ: ಸಣ್ಣ ಬಿರುಕಿನ ಮೂಲಕ ನೈಟ್ರೋಜನ್ ಅನಿಲವು ಬ್ರೇಕ್ ಎಣ್ಣೆಯೊಳಕ್ಕೆ ಸೋರಬಹುದಾಗಿತ್ತು. ಈ ಎರಡೂ ಪ್ರಕರಣಗಳು ನನಗೆ ಬಹು ಮುಖ್ಯವೆಂದು ತೋರುತ್ತವೆ; ಏಕೆಂದರೆ ಜನರು ಒಂದೇ ಉಸಿರಿನಲ್ಲಿ "ಸೆನ್ಸರ್ ಹೋಗಿದೆ" ಎನ್ನುವಾಗ, ಹೋಗಿರುವುದು ಅನೇಕ ವೇಳೆ ಸೆನ್ಸರ್ ಅಲ್ಲ.

ನಿಜವಾಗಿ ಸಂವೇದಕವೇ ಕೆಡುವುದೂ ಉಂಟು. ಚಕ್ರದ ಗುಂಬದಲ್ಲಿ ತಿರುಗುವ ಕಾಂತದ ಉಂಗುರಕ್ಕೂ ಸಂವೇದಕದ ತುದಿಗೂ ನಡುವೆ ಇರುವ ಅಂತರ ಮಿಲಿಮೀಟರಿನ ಆಸುಪಾಸಿನದು. ಬ್ರೇಕ್ ಡಿಸ್ಕಿನಿಂದ ಉದುರಿದ ಕಬ್ಬಿಣದ ಪುಡಿಯು ಅಲ್ಲಿ ಅಂಟಿಕೊಂಡರೂ, ಬೇರಿಂಗು ಸವೆದು ಚಕ್ರ ಅಲುಗಿದರೂ, ಸ್ಟಿಯರಿಂಗು ತಿರುಗಿದಾಗಲೆಲ್ಲ ಬಾಗಿ ನೇರವಾಗುವ ವೈರು ಒಳಗೇ ತುಂಡಾದರೂ, ಕನೆಕ್ಟರಿಗೆ ಮಳೆಗಾಲದ ನೀರು ಹೊಕ್ಕು ಕಿಲುಬು ಹಿಡಿದರೂ, ಕಂಪ್ಯೂಟರಿಗೆ ಬರುವ ಸಂಕೇತ ತಪ್ಪುತ್ತದೆ. ಆಗ ಫಲಕದಲ್ಲಿ ಎಬಿಎಸ್ ದೀಪ ಬೆಳಗುತ್ತದೆ. ಅನೇಕ ಕಾರುಗಳಲ್ಲಿ ಮೋಟಾರಿನ ತಡೆಯನ್ನು ಕೈಬಿಟ್ಟು ವ್ಯವಸ್ಥೆಯು ಎಣ್ಣೆಯ ಬ್ರೇಕಿಗೆ ಮರಳುತ್ತದೆ. ಗಾಡಿ ನಿಲ್ಲುತ್ತದೆ, ನಿಜ. ಆದರೆ ಮೋಹದರಿಯ ಇಳಿಜಾರಿನಲ್ಲಿ ಪ್ಯಾಡುಗಳ ಮೇಲೆ ಬೀಳುವ ಹೊರೆ ಹೆಚ್ಚುತ್ತದೆ, ಒದ್ದೆ ರಸ್ತೆಯಲ್ಲಿ ಚಕ್ರ ಬಿಗಿದು ಜಾರದಂತೆ ಕಾಯುವ ರಕ್ಷಣೆಯೂ ಇಲ್ಲವಾಗುತ್ತದೆ. ಹೈಬ್ರಿಡ್ ಕಾರಿಗೆ ಇನ್ನೊಂದು ವಿಶೇಷ ಸಂಕಟವಿದೆ: ಮೋಟಾರೇ ಬಹುಪಾಲು ಕೆಲಸ ಮಾಡುವುದರಿಂದ ಪ್ಯಾಡು, ಡಿಸ್ಕುಗಳು ಬಳಕೆಯಿಲ್ಲದೆ ತುಕ್ಕು ಹಿಡಿಯುತ್ತವೆ, ಬೇಕಾದಾಗ ಸರಿಯಾಗಿ ಹಿಡಿಯುವುದಿಲ್ಲ.

2011ರಲ್ಲಿ ಪ್ರಕಟವಾದ ಐಎಸ್‌ಒ 26262 ಮಾನದಂಡವು, ವಿದ್ಯುನ್ಮಾನದ ಒಂದು ಭಾಗ ಕೆಟ್ಟರೂ ಗಾಡಿ ಅಪಾಯಕ್ಕೀಡಾಗದಂತೆ ರಚಿಸುವ ವಿಧಾನವನ್ನು ನಿರೂಪಿಸಿತು. ಭಾರತವು 2019ರ ಏಪ್ರಿಲಿನಿಂದ ಎಲ್ಲ ಹೊಸ ಕಾರುಗಳಿಗೂ ಎಬಿಎಸ್ಸನ್ನು ಕಡ್ಡಾಯಗೊಳಿಸಿತು. ತಯಾರಕರ ಪಾಲಿನ ವಿದ್ಯೆ ಹೀಗೆ ಪಕ್ವವಾಗಿದೆ. ರಿಪೇರಿಯ ವಿದ್ಯೆ ಅದರೊಡನೆ ಬೆಳೆದಿಲ್ಲವೆಂಬುದೇ ನನ್ನ ಆಕ್ಷೇಪ. ಸಾಮಾನ್ಯ ಸ್ಕ್ಯಾನರು ಒಂದು ದೋಷದ ಸಂಕೇತಾಂಕವನ್ನು ತೋರಿಸಿದೊಡನೆ ಸಂವೇದಕವನ್ನು ಬದಲಿಸಿಬಿಡುವ ಅಭ್ಯಾಸ ಎಲ್ಲೆಡೆ ಇದೆ. ಉದಾಹರಣೆಗೆ, ಟೊಯೋಟಾದ ಸಿ1391 ಎಂಬುದು ಕೂಡಿಟ್ಟ ಒತ್ತಡವು ಅಸಹಜವಾಗಿ ಸೋರುತ್ತಿದೆಯೆಂದು ಸೂಚಿಸುವ ಅಂಕ; ಅದನ್ನು ಕಂಡು ಚಕ್ರದ ಸಂವೇದಕವನ್ನು ಬದಲಿಸಿದರೆ ಹಣವೂ ಹೋಯಿತು, ಅಪಾಯವೂ ಉಳಿಯಿತು.

ಸಂಭಾಜಿನಗರದಲ್ಲಿಯಾಗಲಿ ಬಿಡದಿಯಲ್ಲಿಯಾಗಲಿ ಕಾರ್ಖಾನೆ ನಡೆಯಿಸುವವರು, ಐಟಿಐಗಳಲ್ಲಿ ಪಾಠ ಹೇಳುವವರು, ಹೈಬ್ರಿಡ್ ಬ್ರೇಕಿನ ದೋಷಪರೀಕ್ಷೆಯನ್ನು ಕನ್ನಡ, ಮರಾಠಿಗಳಲ್ಲಿ ಬರೆದು ರಸ್ತೆಬದಿಯ ಮೆಕ್ಯಾನಿಕನ ಕೈಗೂ ಮುಟ್ಟಿಸಬೇಕೆಂದು ಬೇಡುತ್ತೇನೆ. ಕಾರಿನ ಒಡೆಯರಲ್ಲಿ ನನ್ನ ವಿನಂತಿ ಇಷ್ಟೆ: ಎಬಿಎಸ್ ಅಥವಾ ಬ್ರೇಕಿನ ದೀಪ ಹತ್ತಿದರೆ ಘಟ್ಟ ಇಳಿಯುವ ಮುಂಚೆಯೇ ಗಾಡಿಯನ್ನು ತೋರಿಸಿರಿ.