ಮಣೇಲಿನ ಎಲೆಯೂಟ ಮತ್ತು ಒಬ್ಬ ರೋಮನ್ ಪ್ರವಾಸಿಯ ಕಿವಿ

ಪಿಯೆತ್ರೊ ದೆಲ್ಲಾ ವಾಲೆ 1586ರಲ್ಲಿ ರೋಮಿನ ಒಂದು ಕುಲೀನ ಮನೆತನದಲ್ಲಿ ಹುಟ್ಟಿದವನು. 1614ರಲ್ಲಿ ವೆನಿಸ್ಸಿನಿಂದ ಹಡಗು ಹತ್ತಿ ತುರ್ಕಿ, ಪರ್ಶಿಯಾ ದೇಶಗಳನ್ನೆಲ್ಲ ಸುತ್ತಿ 1623ರಲ್ಲಿ ನಮ್ಮ ದೇಶಕ್ಕೆ ಬಂದ. ವ್ಯಾಪಾರಿಯಲ್ಲ, ಪಾದ್ರಿಯಲ್ಲ, ಯಾವ ಅರಸನ ದೂತನೂ ಅಲ್ಲ. ನೋಡಬೇಕೆಂಬ ಆಸೆಯೊಂದೇ ಅವನನ್ನು ನಡೆಸಿದ್ದು. ದಾರಿಯಲ್ಲಿ ಮದುವೆಯಾದ ಹೆಂಡತಿ ಪರ್ಶಿಯಾದಲ್ಲಿ ತೀರಿಕೊಂಡಾಗ ಆಕೆಯ ಶವವನ್ನು ಕೆಡದಂತೆ ಪೆಟ್ಟಿಗೆಯಲ್ಲಿಟ್ಟು ಜೊತೆಗೇ ಒಯ್ದು, 1626ರಲ್ಲಿ ರೋಮ್ ಮುಟ್ಟಿಸಿದ ವಿಚಿತ್ರ ಮನುಷ್ಯ. ಕಂಡದ್ದನ್ನೆಲ್ಲ ನೇಪಲ್ಸಿನ ವೈದ್ಯಮಿತ್ರ ಮಾರಿಯೊ ಸ್ಕಿಪಾನೊನಿಗೆ ಪತ್ರಗಳಲ್ಲಿ ಬರೆಯುತ್ತಿದ್ದ. ಭಾರತದ ಪತ್ರಗಳು ಅವನು ಸತ್ತ ಬಳಿಕ 1663ರಲ್ಲಿ ಅಚ್ಚಾದವು. ಮರುವರ್ಷವೇ ಇಂಗ್ಲಿಷಿಗೂ ಬಂದವು.

ತುಳುನಾಡಿನ ಚರಿತ್ರೆ ಬರೆಯುವವರು ಈ ಪತ್ರಗಳಿಂದ ಉಳ್ಳಾಲದ ರಾಣಿಯ ಚಿತ್ರವನ್ನಷ್ಟೇ ಎತ್ತಿಕೊಂಡು ಮುಂದೆ ಸಾಗುವುದುಂಟು. ಆದರೆ ಎಲೆಯ ಮೇಲೆ ಬಡಿಸಿದ್ದು, ಮಕ್ಕಳು ಹಾಡಿದ್ದು, ಜನ ಒಬ್ಬರನ್ನೊಬ್ಬರು ಕರೆದದ್ದು, ಇಂಥ ಸಣ್ಣ ಸಂಗತಿಗಳಲ್ಲೇ ಈ ಪತ್ರಗಳ ನಿಜವಾದ ಬೆಲೆಯಿದೆ ಎಂದು ನನಗೆ ತೋರುತ್ತದೆ.

1623ರ ಅಕ್ಟೋಬರದಲ್ಲಿ ಇಕ್ಕೇರಿಯ ವೆಂಕಟಪ್ಪನಾಯಕನಲ್ಲಿಗೆ ಗೋವೆಯಿಂದ ಹೊರಟ ಪೋರ್ಚುಗೀಸ್ ರಾಯಭಾರದ ಜೊತೆ ಇವನೂ ಹೊರಟ. ಹೊನ್ನಾವರ, ಗೇರುಸೊಪ್ಪೆ ದಾಟಿ ಘಟ್ಟದ ಹಾದಿಯಲ್ಲಿ ಒಂದು ದೇವಸ್ಥಾನದ ಜಗಲಿ. ಅಲ್ಲಿ ನಾಲ್ವರು ಹುಡುಗರು ನೆಲದ ಮೇಲೆ ನಯವಾದ ಮರಳು ಹರಡಿ, ರಾಗವಾಗಿ ಲೆಕ್ಕ ಹೇಳುತ್ತ ಬೆರಳಿನಿಂದ ಬರೆಯುತ್ತಿದ್ದರು. ಬರೆದದ್ದು ತುಂಬಿದರೆ ಅಳಿಸಿ ಮತ್ತೆ ಮರಳು. ಗುರು ಯಾರು, ತಪ್ಪಿದರೆ ತಿದ್ದುವವರು ಯಾರು ಎಂದು ಕೇಳಿದ. ನಾಲ್ವರೂ ಒಟ್ಟಿಗೆ ಮರೆಯುವುದು ಸಾಧ್ಯವಿಲ್ಲವಲ್ಲ ಎಂದರಂತೆ ಹುಡುಗರು. ಸಂಜೆ ಕೌಂಟರ್ ಮುಚ್ಚಿದ ಮೇಲೆ ಇಬ್ಬರು ಕೂತು ಲೆಕ್ಕ ತಾಳೆ ನೋಡುವ ನಮ್ಮಂಥವರಿಗೆ ಈ ಉತ್ತರ ಚೆನ್ನಾಗಿ ಅರ್ಥವಾಗುತ್ತದೆ. ಮರಳಿನಲ್ಲಿ ಅಕ್ಷರ ತಿದ್ದಿದ ಹಿರಿಯರು ನಮ್ಮ ಕಡೆಯ ಕನ್ನಡ ಮನೆಗಳಲ್ಲೂ ಇದ್ದರು, ಮಲಯಾಳಿ ಮನೆಗಳಲ್ಲೂ ಇದ್ದರು.

ಇಕ್ಕೇರಿಯಿಂದ ಕರಾವಳಿಗೆ ಇಳಿದು ಡಿಸೆಂಬರದಲ್ಲಿ ಮಂಗಳೂರು, ಅಲ್ಲಿಂದ ಒಳನಾಡಿನ ಮಣೇಲು. ಉಳ್ಳಾಲದ ರಾಣಿ ಆಗ ಅಲ್ಲಿದ್ದಳು. ಬೀದಿಯಲ್ಲಿ ಬರಿಗಾಲಲ್ಲಿ ನಡೆದು ಬಂದ, ಸೊಂಟಕ್ಕೆ ದಪ್ಪ ಬಿಳಿಯ ಹತ್ತಿಯ ಬಟ್ಟೆ ಸುತ್ತಿದ, ಸುಮಾರು ನಲ್ವತ್ತರ ಹೆಂಗಸು. ತಲೆಯ ಮೇಲೆ ತಾಳೆಗರಿಯ ಕೊಡೆ. ನೋಡಿದರೆ ಅಡುಗೆಯಾಳೋ ಅಗಸಗಿತ್ತಿಯೋ ಅನ್ನಬೇಕು, ಮಾತು ಕೇಳಿದರೆ ವಿವೇಕವಂತಳು ಎಂದು ಬರೆದ. ಮೊದಲರ್ಧ ರೋಮನ್ನನ ಜಂಬ, ಉಳಿದರ್ಧ ಅವನ ಪ್ರಾಮಾಣಿಕತೆ. ತುರ್ಕಿ, ಪರ್ಶಿಯಾ, ಮೊಗಲರ ಆಸ್ಥಾನಗಳನ್ನು ಕಂಡವನು ನಮ್ಮ ಈ ಕಾಡಿಗೆ ಏನು ನೋಡಲು ಬಂದೆ ಎಂದು ರಾಣಿ ಕೇಳಿದಳು. ಈಕೆ ಎಷ್ಟನೆಯ ಅಬ್ಬಕ್ಕ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆ ಜಗಳ ಇಲ್ಲಿ ಬೇಡ.

ರಾಣಿಯ ಮಗ, ಎಳೆಯ ಅರಸ, ಪ್ರವಾಸಿಗೆ ಊಟ ಹಾಕಿಸಿದ. ಕೈಯಿಂದ ಉಣ್ಣುವ ರೂಢಿಯಿಲ್ಲದ ಇವನು ತನ್ನ ಫೋರ್ಕಿನಿಂದ ಉಂಡ. ಕೂತವರಿಗೆಲ್ಲ ಬೆರಗು. ಇವನು 'ದೇಉರು, ದೇಉರು' ಎಂದು ಉದ್ಗರಿಸಿದರಂತೆ. ಎಂದರೆ ದೊಡ್ಡ ಮನುಷ್ಯ, ದೇವರಂಥವನು ಎಂದು ಮಿತ್ರನಿಗೆ ಅರ್ಥವನ್ನೂ ಬಿಡಿಸಿ ಹೇಳುತ್ತಾನೆ.

ಪದಾರ್ಥದ ವರ್ಣನೆಯೂ ಇದೆ. 'ಕಾರಿಲ್' ಎಂಬುದು ಬೆಣ್ಣೆ, ತೆಂಗಿನಕಾಯಿಯ ತಿರುಳು, ಏಲಕ್ಕಿ, ಶುಂಠಿ ಮೊದಲಾದ ಸಂಬಾರ, ತರಕಾರಿ, ಹಣ್ಣು ಹಾಕಿ ಮಾಡುವ ಸಾರಿನಂಥದು. ಎಲ್ಲವನ್ನೂ ತಿನ್ನುವ ಕ್ರೈಸ್ತರು ಮೀನು, ಮಾಂಸ, ಮೊಟ್ಟೆಯನ್ನೂ ಸೇರಿಸುತ್ತಾರೆ. ನೀರು, ಉಪ್ಪಿನಲ್ಲಿ ಬೇಯಿಸಿದ ಅನ್ನದ ಮೇಲೆ ಧಾರಾಳವಾಗಿ ಸುರಿದರೆ ರುಚಿಯಾದ, ಹೊಟ್ಟೆ ತುಂಬುವ ಊಟ. ನಮ್ಮ ದೇಶದಲ್ಲಿ ತೆಂಗಿನ ಬದಲು ಬಾದಾಮಿ ಹಾಲು ಹಾಕಬಹುದು ಎಂದು ವೈದ್ಯನಿಗೆ ಸಲಹೆ ಬೇರೆ! 1886ರ ಹಾಬ್ಸನ್-ಜಾಬ್ಸನ್ ಕೋಶ ಪೋರ್ಚುಗೀಸರ ಈ ಶಬ್ದಕ್ಕೆ ಕನ್ನಡದ 'ಕರಿಲ್' ಮೂಲ ಎನ್ನುತ್ತದೆ. ಹಿಗ್ಗುವ ಮೊದಲು ಸ್ವಲ್ಪ ತಡೆಯಬೇಕು. ಪೋರ್ಚುಗೀಸರು ಗೋವೆಯ ಕೊಂಕಣಿಯನ್ನೂ 'ಕಾನಾರಿಂ' ಎಂದೇ ಕರೆಯುತ್ತಿದ್ದರು. ನಮ್ಮ ಕಡೆ ತುಳುವರು ಕಜಿಪು ಎನ್ನುತ್ತಾರೆ, ಹವ್ಯಕರು ಬೆಂದಿ, ಕೊದಿಲು ಎನ್ನುತ್ತಾರೆ. ಕರಿ ಎನ್ನುವವರು ಮಲಯಾಳಿಗಳು.

ಆದರೆ ಹೆಸರುಗಳ ಮಾತು ಬೇರೆ. ರಾಣಿಯ ಹೆಸರನ್ನು ಅವನು 'ಅಬಗ್ ದೇವಿ ಚಾಉತ್ರು' ಎಂದೂ ಮಗನ ಹೆಸರನ್ನು 'ಚೆಲುವಾ ರೈರು' ಎಂದೂ ಬರೆದು, ಕೊನೆಯ ಮಾತು ಬಿರುದು ಎನ್ನುತ್ತಾನೆ. ಚೌಟರು, ರಾಯರು, ಮೇಲಿನ ದೇವರು: ಮೂರರ ಕೊನೆಗೂ 'ರು'. ಅದು ನಾವು ಹಿರಿಯರ ಹೆಸರಿನ ಹಿಂದೆ ಹಚ್ಚುವ ಮರ್ಯಾದೆಯ ಬಹುವಚನವೆಂಬುದು ಅವನಿಗೆ ತಿಳಿಯದು; ಕಿವಿಗೆ ಬಿದ್ದಂತೆ ಬರೆದ. ತುಳುವಿನಲ್ಲಾದರೆ ದೇವೆರ್ ಆಗಬೇಕು. ಸ್ವರದಲ್ಲಿ ಮುಗಿಯುವ ಮಾತಿಗೆ ಒಗ್ಗಿದ ಇಟಲಿಯ ನಾಲಿಗೆ ಒಂದು ಉಕಾರ ಸೇರಿಸಿರಲೂಬಹುದು. ಆದ್ದರಿಂದ ಮಣೇಲಿನ ಮನೆಮಾತು ಕನ್ನಡವಾಗಿತ್ತೆಂದು ಇದರಿಂದ ಸಾಧಿಸಹೊರಡುವುದು ದುಡುಕು. ಆದರೂ ತುಳುನಾಡಿನ ಹಳೆಯ ಶಾಸನಗಳಲ್ಲಿ ಬಹುಪಾಲು ಕನ್ನಡದವು. ಅವುಗಳ ಜೊತೆ ಇಟ್ಟು ನೋಡಿದರೆ, ಕನ್ನಡವೆಂಬುದು ಇಲ್ಲಿ ಬ್ರಿಟಿಷರ ಕಚೇರಿ, ಶಾಲೆಗಳು ತಂದ ಭಾಷೆ ಎಂದು 1956ರ ಬಳಿಕ ನಾವು ಕೇಳುತ್ತ ಬಂದ ವಾದಕ್ಕೆ ಮಣೇಲಿನ ಊಟದ ಚಾವಡಿಯಲ್ಲಿ ಕೇಳಿಸಿದ ಈ 'ರು'ಕಾರ ಸಣ್ಣ ತಕರಾರೇ ಸರಿ.

ಮಂಗಳೂರಿನಿಂದ ಅವನು ಕಲ್ಲಿಕೋಟೆಗೆ ಹೋದದ್ದು ಸಮುದ್ರದ ಮೇಲೆ, ಪೋರ್ಚುಗೀಸರ ಹಡಗಿನಲ್ಲಿ. ಮಂಜೇಶ್ವರ, ಕುಂಬಳೆ, ಚಂದ್ರಗಿರಿಯ ದಾರಿಯನ್ನು ನಡೆದಿದ್ದರೆ ಯಾರಾದರೂ ಎಲೆ ಹಾಕಿ ಬಡಿಸುತ್ತಿದ್ದರು. ಪದಾರ್ಥದ ಹೆಸರು ಕೇಳಿ ಬರೆದುಕೊಳ್ಳುತ್ತಿದ್ದ.