ಬೀದಿಯಿಂದ ಬಾಡಿಗೆಯ ಮನೆಗೆ

ಹೊತ್ತುಗೊತ್ತಿಲ್ಲದೆ ಅಲೆಯುವವನನ್ನು ‘ನಿನಗೆ ಮನೆ ಮಠ ಇಲ್ಲವೆ?’ ಎಂದು ನಾವು ಗದರಿಸುವುದುಂಟು. ನಿಜವಾಗಿಯೂ ಎರಡೂ ಇಲ್ಲದ, ಅದರ ಮೇಲೆ ಮನಸ್ಸಿನ ಸ್ತಿಮಿತವನ್ನೂ ಕಳೆದುಕೊಂಡ ವ್ಯಕ್ತಿಗೆ ನಮ್ಮ ದೇಶದಲ್ಲಿ ಎಲ್ಲಿ ಸ್ಥಳವಿತ್ತು? ಕಾನೂನಿನ ಪುಸ್ತಕಗಳನ್ನು ತಿರುವಿದಾಗ ಇದಕ್ಕೂ ಒಂದು ಚರಿತ್ರೆಯಿರುವುದು ನನಗೆ ಕಂಡಿತು.

1912ರ ಇಂಡಿಯನ್ ಲ್ಯೂನಸಿ ಆಕ್ಟಿನ ಪ್ರಕಾರ, ತನ್ನ ಸರಹದ್ದಿನಲ್ಲಿ ಅಲೆಯುತ್ತಿರುವವನು ಹುಚ್ಚನೆಂದು ಠಾಣಾಧಿಕಾರಿಗೆ ತೋರಿದರೆ ಸಾಕು, ಅವನನ್ನು ಹಿಡಿದು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬಹುದಾಗಿತ್ತು. ಅಲ್ಲಿಂದ ಮುಂದಿನದು ಹುಚ್ಚಾಸ್ಪತ್ರೆ. ಕರೆದೊಯ್ಯುವ ಬಂಧುಗಳಿಲ್ಲದವನು ಹೊರಬಂದು ಎಲ್ಲಿ ಬದುಕಬೇಕೆಂಬ ಚಿಂತೆ ಆ ಶಾಸನಕ್ಕಿರಲಿಲ್ಲ. ಸ್ವಾತಂತ್ರ್ಯ ಬಂದ ಮೇಲೂ ಅದು ದಶಕಗಳ ಕಾಲ ಉಳಿಯಿತು. ಅದರ ಸ್ಥಾನಕ್ಕೆ ಬಂದ 1987ರ ಕಾಯಿದೆ ಜಾರಿಯಾದದ್ದು 1993ರಲ್ಲಿ.

ಅದೇ 1993ರಲ್ಲಿ, ಇನ್ನೂ ಮದರಾಸೆನಿಸಿಕೊಂಡಿದ್ದ ಚೆನ್ನೈನಲ್ಲಿ, ವಂದನಾ ಗೋಪಿಕುಮಾರ್ ಮತ್ತು ವೈಷ್ಣವಿ ಜಯಕುಮಾರ್ ಎಂಬ ತರುಣಿಯರು ‘ದಿ ಬನ್ಯನ್’ ಸಂಸ್ಥೆಯನ್ನು ಕಟ್ಟಿದರು. ಬೀದಿಯಲ್ಲಿ ಕಂಡ ಅಸ್ವಸ್ಥ ಹೆಂಗಸೊಬ್ಬಳಿಗೆ ಆಶ್ರಯ ಹುಡುಕಿ ಸೋತದ್ದೇ ಅದರ ಮೂಲ. ಚಿಕಿತ್ಸೆಯಿಂದ ಚೇತರಿಸಿಕೊಂಡ ಅನೇಕರು ತಮ್ಮ ಊರುಗಳಿಗೆ ಮರಳಿದರು. ಎಲ್ಲರೂ ಅಲ್ಲ. ಕೆಲವರನ್ನು ಮನೆಯವರು ಒಪ್ಪಲಿಲ್ಲ; ಕೆಲವರಿಗೆ ಮನೆಯವರೆಂಬವರೇ ಇರಲಿಲ್ಲ. ರೋಗ ಹತೋಟಿಗೆ ಬಂದರೂ ಅಂಥವರು ಅಲ್ಲಿಯೇ ಉಳಿದರು. ಕಾಪಾಡಲೆಂದು ಕಟ್ಟಿದ ಸೂರೇ ಹೀಗೆ ಕೊನೆಯ ನೆಲೆಯಾಗುವುದು ನನಗೆ ಈ ಚರಿತ್ರೆಯ ಅತ್ಯಂತ ದುಃಖದ ಭಾಗವೆನಿಸುತ್ತದೆ. ದೂರೋಣವೆಂದರೆ ಇಲ್ಲಿ ದುಷ್ಟರೂ ಸಿಗುವುದಿಲ್ಲ.

2015ರಲ್ಲಿ ಸಂಸ್ಥೆ ‘ಹೋಮ್ ಅಗೈನ್’ ಎಂಬ ಬೇರೊಂದು ದಾರಿ ಹಿಡಿಯಿತು. ಊರಿನ ನಡುವೆ, ಸಾಮಾನ್ಯರ ಓಣಿಯಲ್ಲಿ, ಒಂದು ಬಾಡಿಗೆಯ ಮನೆ, ಅದರಲ್ಲಿ ನಾಲ್ಕೈದು ಮಂದಿ, ಬೇಕಾದಷ್ಟು ನೆರವಿಗೆ ಸಹಾಯಕಿಯರು, ಚಿಕಿತ್ಸೆಯ ಮುಂದುವರಿಕೆ. ಇಷ್ಟು ದಿನಕ್ಕೆ ತೆರವು ಮಾಡಬೇಕೆಂಬ ಗಡುವಿಲ್ಲ. ನಮ್ಮ ಹಿರಿಯರು ಛತ್ರಗಳನ್ನು ಧಾರಾಳವಾಗಿ ಕಟ್ಟಿಸಿದರು, ನಿಜ. ಆದರೆ ಛತ್ರ ದಾರಿಹೋಕನದು, ಹೊರಡುವವನದು. ಇಲ್ಲಿ ಬಂದವರು ಹೊರಡಬೇಕಾಗಿಲ್ಲ. ಇಂದು ಅಡಿಗೆ ಏನು, ಪೇಟೆಗೆ ಹೋಗುವವರು ಯಾರು ಎಂಬ ಮಾತುಗಳನ್ನು ಮನೆಯಲ್ಲಿರುವವರೇ ಆಡಿಕೊಳ್ಳುತ್ತಾರೆ. ವಾರ್ಡಿನ ಮಂಚದ ಮೇಲೆ ವರ್ಷಗಳನ್ನು ಕಳೆದವರಿಗೆ ಅದು ಸಣ್ಣ ಮಾತಲ್ಲ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಮಾರ್ಗದರ್ಶಿಯಲ್ಲಿ ಈ ಪ್ರಯೋಗವನ್ನು ಉತ್ತಮ ಮಾದರಿಗಳ ಸಾಲಿಗೆ ಸೇರಿಸಿತು.

ಈ ನಡುವೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಬಂದಿತ್ತು. ಅಲೆಯುವ ಅಸ್ವಸ್ಥನ ವಿಷಯದಲ್ಲಿ ಪೊಲೀಸರ ಕೆಲಸವನ್ನು ಅದು ‘ರಕ್ಷಣೆ’ಯೆಂದು ಕರೆಯಿತು; ಅವನನ್ನು ಲಾಕಪ್ಪಿನಲ್ಲಿ ಇಡಕೂಡದೆಂದಿತು. ಅದರ 19ನೆಯ ಕಲಮನ್ನು ನಾನು ಎರಡು ಸಲ ಓದಿದೆ. ಕುಟುಂಬವಿಲ್ಲ, ಕುಟುಂಬದವರು ಒಪ್ಪುತ್ತಿಲ್ಲ, ಇರಲು ಮನೆಯಿಲ್ಲ ಎಂಬಷ್ಟೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಇರಿಸಿಕೊಳ್ಳುವಂತಿಲ್ಲ ಎನ್ನುತ್ತದೆ ಅದು.